ಮೆಟಲ್ ಶೋ ಫೋಟೊ ಕೆಟ್ಟಿದ್ದೆಲ್ಲಿ? ದೋಷ ಹುಡುಕುವ ದಾರಿ

ಇಂದಿರಾನಗರದ ಒಂದು ಸಣ್ಣ ಕ್ಲಬ್. ಮೆಟಲ್ ಸಂಗೀತದ ನಾಲ್ಕು ಬ್ಯಾಂಡ್, ಇನ್ನೂರು ಚಿಲ್ಲರೆ ಜನ, ಎಲ್ಲರದೂ ಕಪ್ಪು ಟಿ-ಶರ್ಟ್. ನಾನು ಮಿರರ್‌ಲೆಸ್ ಕ್ಯಾಮೆರಾ ಕೊಂಡು ಹದಿನೈದು ದಿನವಾಗಿತ್ತು. ಸದ್ದೇ ಇಲ್ಲದೆ ತೆಗೆಯುತ್ತದೆ ಎಂಬ ಖುಷಿಗೆ ಸೈಲೆಂಟ್ ಶಟರ್ ಹಾಕಿಕೊಂಡಿದ್ದೆ. ಡಬಲ್ ಬಾಸ್ ಡ್ರಮ್ಮಿನ ಮುಂದೆ ನನ್ನ ಕ್ಯಾಮೆರಾದ ಕಟಕ್ ಯಾರ ಕಿವಿಗೆ ಬೀಳುತ್ತಿತ್ತು ಎಂಬುದು ಆಗ ತಲೆಗೆ ಹೋಗಲಿಲ್ಲ. ರಾತ್ರಿ ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಅರ್ಧಕ್ಕಿಂತ ಹೆಚ್ಚು ಫೋಟೊಗಳಿಗೆ ಅಡ್ಡಡ್ಡ ಪಟ್ಟೆ. ಗಾಯಕನ ಮುಖಕ್ಕೆ ಹುಲಿವೇಷದ ಬಣ್ಣ ಬಳಿದ ಹಾಗೆ.

ಮರುದಿನ ಕ್ಯಾಮೆರಾ ಹೊತ್ತುಕೊಂಡು ಅಂಗಡಿಗೆ ಹೋಗಿ ಜಗಳ ತೆಗೆದೆ. ಅಂಗಡಿಯವರು ಹೊರಗೆ ಬಿಸಿಲಿಗೆ ಬಂದು ಎರಡು ಫೋಟೊ ಹೊಡೆದು, “ಸರಿಯಾಗೇ ಇದೆಯಲ್ಲ ಸರ್” ಅಂದರು. ಸರಿಯಾಗೇ ಇತ್ತು.

ಅಂದಿನಿಂದ ಕೆಟ್ಟ ಫೋಟೊಗಳನ್ನು ಅಳಿಸುವುದು ಬಿಟ್ಟೆ. ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡು ನೋಡತೊಡಗಿದೆ. ಮೆಟಲ್ ಶೋನಲ್ಲಿ ಕ್ಯಾಮೆರಾ ನಿಜವಾಗಿ ಕೆಡುವುದು ಅಪರೂಪ. ನಾವು ಹೇಳಿದ್ದನ್ನು ಅದು ಮಾಡಿರುತ್ತದೆ, ನಾವು ಹೇಳಿದ್ದು ಅಲ್ಲಿನ ಬೆಳಕಿಗೆ ಸರಿಹೊಂದಿರುವುದಿಲ್ಲ, ಅಷ್ಟೇ. ಯಾವುದು ಹೊಂದಲಿಲ್ಲ ಎಂಬುದನ್ನು ಕೆಟ್ಟ ಫೋಟೊವೇ ಹೇಳುತ್ತದೆ. ಹಾಗಾಗಿ ಹೊಸ ಲೆನ್ಸಿಗೆ ಕಂತು ಕಟ್ಟುವ ಮುಂಚೆ ಹಳೆಯ ಫೋಟೊವನ್ನು ನೂರಕ್ಕೆ ನೂರು ಅಳತೆಯಲ್ಲಿ ತೆರೆದಿಟ್ಟು ಕೂರಿ.

ಅಲುಗದ ವಸ್ತು ಯಾವುದು?

“ಫೋಟೊ ಮಸುಕಾಗಿದೆ” ಎನ್ನುವುದು ವೈದ್ಯರ ಬಳಿ ಹೋಗಿ “ಮೈ ಸರಿಯಿಲ್ಲ” ಎಂದ ಹಾಗೆ. ಯಾವ ಮಸುಕು? ಅದನ್ನು ತಿಳಿಯಲು ಫೋಟೊದಲ್ಲಿ ಅಲುಗದ ವಸ್ತುವೊಂದನ್ನು ಹುಡುಕಿ. ಮೈಕ್ ಸ್ಟ್ಯಾಂಡ್, ಆಂಪ್ ಮೇಲಿನ ಹೆಸರು, ಡ್ರಮ್ ಕಿಟ್ಟಿನ ಸ್ಟೀಲ್ ಕಂಬಿ, ವೇದಿಕೆಯ ಟ್ರಸ್ಸು.

ಅಲುಗದ ವಸ್ತುವೂ ಒಂದೇ ದಿಕ್ಕಿಗೆ ಎಳೆದಂತೆ, ಎರಡೆರಡಾಗಿ ಕಂಡರೆ ಅಲುಗಿದ್ದು ನಿಮ್ಮ ಕೈ. ಮೈಕ್ ಸ್ಟ್ಯಾಂಡ್ ಚೂಪಾಗಿ ಬಂದು ಅದರ ಪಕ್ಕದ ಮುಖ ಮಾತ್ರ ಎಳೆದಂತಿದ್ದರೆ ಗಾಯಕ ಅಲುಗಿದ್ದಾನೆ, ಶಟರ್ ನಿಧಾನವಾಯಿತು, ಅಂದರೆ ಬೆಳಕು ಒಳಬರುವ ಹೊತ್ತು ಹೆಚ್ಚಾಯಿತು. ಗಾಯಕ ಮೆತ್ತಗೆ, ಹಿಂದಿನ ಸಿಂಬಲ್ ಮೇಲಿನ ಬರಹ ಮಾತ್ರ ಸ್ಪಷ್ಟವಾಗಿದ್ದರೆ ಅದು ಫೋಕಸ್ ತಪ್ಪಿದ್ದು. ಯಾವುದೂ ಚೂಪಾಗಿಲ್ಲ, ಎಳೆದಂತೆಯೂ ಇಲ್ಲ, ಎಲ್ಲದರ ಮೇಲೆ ಹಾಲು ಚೆಲ್ಲಿದಂತಿದೆ ಎಂದರೆ ಹೊಗೆ, ಇಲ್ಲವೇ ಲೆನ್ಸ್ ಮೇಲಿನ ಹಬೆ, ಇಲ್ಲವೇ ನಿಮ್ಮದೇ ಹೆಬ್ಬೆರಳಿನ ಗುರುತು.

ಕೈ ಅಲುಗಿದ ಕೇಸಿನಲ್ಲಿ ಒಂದು ವಿಶೇಷ ಕಾರಣವಿದೆ. ದೊಡ್ಡ ವೇದಿಕೆಗಳಲ್ಲಿ ಫೋಟೊ ಪಿಟ್, ಅಂದರೆ ಫೋಟೊ ತೆಗೆಯುವವರು ನಿಲ್ಲುವ ಜಾಗ, ಇರುವುದು ಬ್ಯಾರಿಕೇಡಿಗೂ ವೇದಿಕೆಗೂ ನಡುವೆ, ಅಂದರೆ ಸಬ್‌ವೂಫರುಗಳ ಬಾಯಿಯ ಮುಂದೆಯೇ. ಆಧಾರಕ್ಕೆಂದು ಸಬ್‌ವೂಫರಿಗೋ ಬ್ಯಾರಿಕೇಡಿಗೋ ಒರಗಿದರೆ ಅದರ ನಡುಕ ನೇರ ಮೊಣಕೈಗೆ ಬರುತ್ತದೆ. ಒರಗಬೇಡಿ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಕಾಲು ಅಗಲಿಸಿ ನಿಲ್ಲಿ. ಕ್ಯಾಮೆರಾದ ಸ್ಟೆಬಿಲೈಸೇಶನ್ ನಿಮ್ಮ ಕೈನಡುಕವನ್ನು ತಡೆಯುತ್ತದೆಯೇ ಹೊರತು ಗಿಟಾರಿನವನ ಕುಣಿತವನ್ನಲ್ಲ. ಇದು ಗೊತ್ತಿದ್ದೂ 1/60 ಸೆಕೆಂಡಿನ ಶಟರಿನಲ್ಲಿ ತೆಗೆದು, “ಐದು ಸ್ಟಾಪ್ ಸ್ಟೆಬಿಲೈಸೇಶನ್ ಇದೆ ಅಂದಿದ್ರಲ್ಲ” ಎಂದು ಗೊಣಗುವವರನ್ನು ಪ್ರತಿ ಶೋನಲ್ಲೂ ನೋಡುತ್ತೇನೆ.

ಪಟ್ಟೆ

ಈಗ ಆ ಹುಲಿವೇಷಕ್ಕೆ ಬರೋಣ. ಇವತ್ತು ನಮ್ಮ ಕ್ಲಬ್ಬುಗಳಲ್ಲಿ ಅತಿ ಹೆಚ್ಚು ಕಾಡುವ ದೋಷ ಇದೇ, ಅತಿ ಹೆಚ್ಚು ತಪ್ಪಾಗಿ ಅರ್ಥ ಮಾಡಿಕೊಂಡಿರುವುದೂ ಇದನ್ನೇ.

2007ರ ಮಾರ್ಚ್ 17ರಂದು ಬ್ರಿಟನ್ನಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಾಗ ನಾನು ಜನರ ನಡುವೆ ಎಲ್ಲೋ ಹಿಂದೆ ನಿಂತಿದ್ದೆ, ಕ್ಯಾಮೆರಾ ಇರಲಿಲ್ಲ. ಆ ಕಾಲಕ್ಕೆ ನಮ್ಮೂರಿನ ಸ್ಟೇಜುಗಳಲ್ಲಿ ತೂಗುತ್ತಿದ್ದದ್ದು ಬಹುಮಟ್ಟಿಗೆ ಪಾರ್ ಕ್ಯಾನುಗಳು. ಒಳಗೆ ಸಾವಿರ ವ್ಯಾಟಿನ ಟಂಗ್‌ಸ್ಟನ್ ಬಲ್ಬು, ಮುಂದೆ ಬಣ್ಣದ ಜೆಲ್ ಹಾಳೆ. ಬಲ್ಬಿನ ತಂತಿ ಕೆಂಪಗೆ ಕಾದಿರುತ್ತದೆ. ಕರೆಂಟು ಏರಿಳಿದರೂ ತಂತಿ ಅಷ್ಟು ಬೇಗ ತಣ್ಣಗಾಗುವುದಿಲ್ಲ, ಹಾಗಾಗಿ ಬೆಳಕು ಹೆಚ್ಚುಕಡಿಮೆ ಒಂದೇ ಸಮ. ಎಲ್‌ಇಡಿ ಹಾಗಲ್ಲ. ಅದರ ಬೆಳಕು ತಗ್ಗಿಸಬೇಕೆಂದರೆ ಹೆಚ್ಚಿನ ಲೈಟುಗಳು ಎಲ್‌ಇಡಿಯನ್ನು ಸೆಕೆಂಡಿಗೆ ಕೆಲವು ನೂರರಿಂದ ಹಲವು ಸಾವಿರ ಸಲ ಹೊತ್ತಿಸಿ ಆರಿಸುತ್ತವೆ. ಹೊತ್ತಿದ ಹೊತ್ತು ಕಡಿಮೆ, ಆರಿದ ಹೊತ್ತು ಹೆಚ್ಚು ಎಂದರೆ ಕಣ್ಣಿಗೆ ಮಂದ ಬೆಳಕು. ಕಣ್ಣು ಇದಕ್ಕೆ ಮೋಸ ಹೋಗುತ್ತದೆ, ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಹೋಗುವುದಿಲ್ಲ.

ಸೈಲೆಂಟ್ ಶಟರಿನಲ್ಲಿ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ. ಮೇಲಿನ ಸಾಲಿನಿಂದ ಶುರುಮಾಡಿ ಸಾಲುಸಾಲಾಗಿ ಕೆಳಗೆ ಬರುತ್ತದೆ. ಮಧ್ಯಮ ಬೆಲೆಯ ಕ್ಯಾಮೆರಾಗಳಲ್ಲಿ ಇದಕ್ಕೆ ಸುಮಾರು 1/20 ಸೆಕೆಂಡ್ ಹಿಡಿಯುತ್ತದೆ ಎನ್ನಿ. ಶಟರ್ ವೇಗ 1/1000 ಅಂತ ಇಟ್ಟರೂ ಅಷ್ಟೇ, ಪ್ರತಿ ಸಾಲಿಗೆ ಸಿಗುವ ಬೆಳಕಿನ ಹೊತ್ತು ಮಾತ್ರ 1/1000, ಓದಿನ ನಡಿಗೆ ಬದಲಾಗದು. ಮೆಕ್ಯಾನಿಕಲ್ ಶಟರಿನ ಪರದೆಗಳು ಸೆನ್ಸರನ್ನು ದಾಟಲು ತೆಗೆದುಕೊಳ್ಳುವುದು ಸುಮಾರು 1/250 ಸೆಕೆಂಡ್.

ಈಗ ಪಟ್ಟೆ ಎಣಿಸಿ. ತಮಾಷೆಯಲ್ಲ, ಬೆರಳಿಟ್ಟು ಎಣಿಸಿ. ಲೈಟು ಸೆಕೆಂಡಿಗೆ 600 ಸಲ ಮಿಣುಕುತ್ತಿದ್ದರೆ 1/20 ಸೆಕೆಂಡಿನ ಓದಿನಲ್ಲಿ 30 ಪಟ್ಟೆ ಬೀಳುತ್ತವೆ. ಅದೇ ಲೈಟಿಗೆ ಮೆಕ್ಯಾನಿಕಲ್ ಶಟರಿನಲ್ಲಿ ಎರಡೂವರೆಗಿಂತ ಹೆಚ್ಚಿಲ್ಲ. ಲೆಕ್ಕವನ್ನು ತಿರುಗಿಸಿದರೆ ಲೈಟಿನ ಮಿಣುಕು ಎಷ್ಟೆಂದು ಗೊತ್ತಾಗುತ್ತದೆ. ಸಣ್ಣಸಣ್ಣ, ಒತ್ತೊತ್ತಾದ ಹತ್ತಾರು ಪಟ್ಟೆ ಕಂಡರೆ ಮೊದಲ ಕೆಲಸ ಸೈಲೆಂಟ್ ಶಟರ್ ತೆಗೆದು ಮೆಕ್ಯಾನಿಕಲ್‌ಗೆ ಹೋಗುವುದು. ಹತ್ತರಲ್ಲಿ ಎಂಟು ಜನರ ಸಮಸ್ಯೆ ಅಲ್ಲಿಗೆ ತೀರಿಹೋಗುತ್ತದೆ. ನನ್ನದೂ ಹಾಗೇ ತೀರಿತು, ಅಂಗಡಿಯವರ ಮುಂದೆ ಮರ್ಯಾದೆ ಹೋದ ಮೇಲೆ.

ಮೆಕ್ಯಾನಿಕಲ್‌ನಲ್ಲೂ ಒಂದೆರಡು ಅಗಲ ಪಟ್ಟೆ ಉಳಿದರೆ ಶಟರ್ ವೇಗ ಬದಲಿಸಿ. ಇಲ್ಲಿ ಬಹಳ ಜನ ತಪ್ಪು ದಿಕ್ಕಿಗೆ ಓಡುತ್ತಾರೆ, ವೇಗ ಹೆಚ್ಚಿಸುತ್ತಾರೆ. ವೇಗ ಹೆಚ್ಚಿದಷ್ಟೂ ಪಟ್ಟೆ ಎದ್ದು ಕಾಣುತ್ತದೆ. ಒಂದು ಸಾಲಿಗೆ ಬೆಳಕು ಬೀಳುವ ಹೊತ್ತಿನಲ್ಲಿ ಲೈಟಿನ ಒಂದು ಪೂರ್ತಿ ಮಿಣುಕು, ಇಲ್ಲವೇ ಎರಡು ಪೂರ್ತಿ ಮಿಣುಕು ಮುಗಿದರೆ ಎಲ್ಲ ಸಾಲಿಗೂ ಒಂದೇ ಪಾಲು ಸಿಗುತ್ತದೆ, ಪಟ್ಟೆ ಮಾಯ. 600ರ ಲೈಟಿಗೆ 1/600 ಅಥವಾ 1/300. ನಿಮ್ಮ ಕ್ಯಾಮೆರಾದಲ್ಲಿ ಈ ಅಂಕಿ ಇಲ್ಲದೇ ಹೋಗಬಹುದು, ಹತ್ತಿರದ 1/320 ಹಾಕಿ. ಪಟ್ಟೆ ಪೂರ್ತಿ ಹೋಗದಿದ್ದರೂ ಕಣ್ಣಿಗೆ ಹೊಡೆಯುವುದಿಲ್ಲ. ಇತ್ತೀಚಿನ ಕೆಲವು ಕ್ಯಾಮೆರಾಗಳಲ್ಲಿ ಹೈ ಫ್ರೀಕ್ವೆನ್ಸಿ ಫ್ಲಿಕರ್ ಎಂಬ ಸೆಟಿಂಗ್ ಇದೆ, ಅದು 1/250.6 ಎಂಬಂಥ ಚಿಲ್ಲರೆ ಹೆಜ್ಜೆಗಳಲ್ಲಿ ವೇಗ ಬದಲಿಸಲು ಬಿಡುತ್ತದೆ. ಹಳೆಯ ಮೆನುವಿನ ಬರೀ “ಆ್ಯಂಟಿ ಫ್ಲಿಕರ್” ಬೇರೆ. ಅದು ಸೆಕೆಂಡಿಗೆ 100 ಅಥವಾ 120 ಸಲದ ಮಿಣುಕನ್ನು ಮಾತ್ರ ಹಿಡಿಯುತ್ತದೆ. ಎಲ್‌ಇಡಿ ಸ್ಟೇಜಿನಲ್ಲಿ ಅದನ್ನು ಆನ್ ಮಾಡಿಟ್ಟರೆ ಲಾಭವಂತೂ ಇಲ್ಲ, ಕೆಲವು ಕ್ಯಾಮೆರಾ ಗುಂಡಿ ಒತ್ತಿದ ಮೇಲೆ ಅರೆಕ್ಷಣ ತಡಮಾಡುತ್ತವೆ.

ಆ 100ರ ಮಿಣುಕನ್ನು ನಾನು ಮೊದಲು ಕಂಡದ್ದು ಮೆಟಲ್ ಶೋನಲ್ಲಲ್ಲ, ಕುಂದಾಪುರದ ಕಡೆ ಬಯಲಾಟದಲ್ಲಿ. ರಂಗಸ್ಥಳದ ಸುತ್ತ ಚೋಕಿನ ಟ್ಯೂಬ್‌ಲೈಟು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 1/500ರಲ್ಲಿ ಒಂದೇ ಸಮನೆ ಹೊಡೆದರೆ ಒಂದು ಫೋಟೊ ಬೆಳ್ಳಗೆ, ಮುಂದಿನದು ಹಳದಿಯಾಗಿ ಮಂಕು, ಮತ್ತೊಂದರಲ್ಲಿ ಅರ್ಧ ಹಾಗೆ ಅರ್ಧ ಹೀಗೆ. ಪಟ್ಟೆ ಕಾಣದೆ ಫೋಟೊದಿಂದ ಫೋಟೊಗೆ ಬೆಳಕು ಬದಲಾಗುತ್ತಿದೆ ಎಂದರೆ ಮಿಣುಕು ನಿಧಾನದ್ದು, ಮದ್ದು 1/100. ಊರ ಕಡೆಯ ಕಾಲೇಜು ಹಾಲ್‌ಗಳಲ್ಲಿ ನಡೆಯುವ ಮೆಟಲ್ ಸ್ಪರ್ಧೆಗಳಲ್ಲಿ ಇಂದಿಗೂ ಇದು ಎದುರಾಗುತ್ತದೆ. ಆದರೆ 1/100ರಲ್ಲಿ ತಲೆ ಬೀಸುವವರು ಮಸುಕಾಗುತ್ತಾರೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನಾನಾದರೆ ವೇಗ ಬಿಡದೆ ಹೆಚ್ಚು ಫೋಟೊ ಹೊಡೆದು, ಬೆಳಕು ಸಿಕ್ಕವನ್ನು ಇಟ್ಟುಕೊಳ್ಳುತ್ತೇನೆ.

ಪಟ್ಟೆಯೋ ಅಥವಾ ನಿಜವಾಗಿ ಹೊಗೆಯಲ್ಲಿ ಹಾದುಬಂದ ಬೆಳಕಿನ ಕೋಲೋ ಎಂಬ ಅನುಮಾನ ಬಂದರೆ ಸುಲಭದ ಪರೀಕ್ಷೆಯಿದೆ. ಕ್ಯಾಮೆರಾವನ್ನು ನಿಲುವಾಗಿ ತಿರುಗಿಸಿ ತೆಗೆಯಿರಿ. ದೋಷದ ಪಟ್ಟೆ ಸೆನ್ಸರಿನ ಜೊತೆಗೇ ತಿರುಗಿ, ಗೋಡೆಗೆ ಹೋಲಿಸಿದರೆ ನಿಲುವಾಗುತ್ತದೆ. ಬೆಳಕಿನ ಕೋಲು ಎಲ್ಲಿತ್ತೋ ಅಲ್ಲೇ ಇರುತ್ತದೆ. ಹಿಂದಿನ ಎಲ್‌ಇಡಿ ಪರದೆಯ ಮೇಲೆ ಮಾತ್ರ ಪಟ್ಟೆ ಇದ್ದು ಮನುಷ್ಯರ ಮೇಲೆ ಇಲ್ಲವಾದರೆ ತಪ್ಪು ಪರದೆಯದು, ಶಟರ್ ನಿಧಾನ ಮಾಡಿ, ಆಗದಿದ್ದರೆ ಪರದೆ ಫ್ರೇಮಿಗೆ ಬಾರದ ಕೋನಕ್ಕೆ ಸರಿಯಿರಿ. ಪಟ್ಟೆಗೆ ಬಣ್ಣವೂ ಇದ್ದರೆ, ಒಂದು ಕೆಂಪು ಒಂದು ನೀಲಿ ಹೀಗೆ, ಆಗ ಲೈಟಿನವರು ಎರಡು ಬಣ್ಣ ಬೆರೆಸಿ ನೇರಳೆ ಮಾಡುತ್ತಿದ್ದಾರೆ, ಆ ಎರಡೂ ಎಲ್‌ಇಡಿ ಬೇರೆಬೇರೆ ಹೊತ್ತಿಗೆ ಹೊತ್ತಿ ಆರುತ್ತಿವೆ ಎಂದರ್ಥ.

ಫೋಟೊದ ಮೇಲರ್ಧ ಬೆಳಗಿ ಕೆಳಗಿನರ್ಧ ಕತ್ತಲಾಗಿದ್ದು, ನಡುವೆ ಗೆರೆ ಎಳೆದಂತೆ ಚೂಪಾದ ಅಂಚು ಇದೆಯೇ? ಅದು ಈ ರೋಗವಲ್ಲ. ಸ್ಟ್ರೋಬ್ ಲೈಟೋ ಪಕ್ಕದವರ ಫ್ಲ್ಯಾಶೋ ನಿಮ್ಮ ಶಟರ್ ದಾಟುತ್ತಿದ್ದಾಗ ಮಿಂಚಿದೆ. ಅದಕ್ಕೆ ಮದ್ದಿಲ್ಲ, ಇನ್ನೊಂದು ಹೊಡೆಯಿರಿ.

ಪಟ್ಟೆಯನ್ನು ಬುಡಸಮೇತ ಕಿತ್ತ ಕ್ಯಾಮೆರಾ ಬಂದಿದೆ. 2023ರ ನವೆಂಬರಿನಲ್ಲಿ ಸೋನಿ ಪ್ರಕಟಿಸಿದ ಎ9 III ಸೆನ್ಸರನ್ನು ಸಾಲುಸಾಲಾಗಿ ಓದದೆ ಇಡಿಯಾಗಿ ಒಂದೇ ಕ್ಷಣದಲ್ಲಿ ಹಿಡಿಯುತ್ತದೆ. ಪಟ್ಟೆ ಬೀಳುವುದಿಲ್ಲ, ಆದರೆ ಫೋಟೊದಿಂದ ಫೋಟೊಗೆ ಬೆಳಕು ಏರುಪೇರಾಗುವುದು ಇದ್ದೇ ಇರುತ್ತದೆ. ಅದರ ಬೆಲೆಗೆ ನಮ್ಮ ಲೋಕಲ್ ಬ್ಯಾಂಡ್ ಒಂದು ಆಲ್ಬಮ್ ರೆಕಾರ್ಡ್ ಮಾಡಿಕೊಳ್ಳಬಹುದು.

ಕೆಂಪು ಮುದ್ದೆ

ಮೆಟಲ್ ಲೈಟಿನವರಿಗೆ ಕೆಂಪಿನ ಮೇಲೆ ಅದೇನು ಪ್ರೀತಿಯೋ. ಮುಖವೆಲ್ಲ ಕೆಂಪು ಮುದ್ದೆಯಾಗಿ, ಮೂಗು ಎಲ್ಲಿ ಕೆನ್ನೆ ಎಲ್ಲಿ ತಿಳಿಯದಂತೆ ಬಂದ ಫೋಟೊ ನಿಮ್ಮ ಬಳಿಯೂ ಇರುತ್ತದೆ. ತೆಗೆಯುವಾಗ ಹಿಸ್ಟೋಗ್ರಾಮ್ (ಕತ್ತಲನ್ನು ಎಡಕ್ಕೆ, ಬೆಳಕನ್ನು ಬಲಕ್ಕೆ ತೋರಿಸುವ ನಕ್ಷೆ) ನೋಡಿದ್ದಿರಿ, ಬಲಗಡೆಗೆ ಇನ್ನೂ ಬೇಕಾದಷ್ಟು ಜಾಗವಿತ್ತು. ಹಾಗಾದರೆ ಸುಟ್ಟದ್ದು ಹೇಗೆ?

ಬಿಳಿ ಬಣ್ಣದ ಒಂದೇ ಹಿಸ್ಟೋಗ್ರಾಮ್ ಮೂರೂ ಬಣ್ಣಕ್ಕೆ ಸಮಪಾಲು ಕೊಡುವುದಿಲ್ಲ. ಹಸಿರಿಗೆ ಸುಮಾರು 59 ಪಾಲು, ಕೆಂಪಿಗೆ 30, ನೀಲಿಗೆ 11. ಅಚ್ಚ ಕೆಂಪು ಬೆಳಕಿನಲ್ಲಿ ಕೆಂಪು ಚಾನಲ್ ತುಂಬಿ ಸೋರುತ್ತಿದ್ದರೂ ಹಿಸ್ಟೋಗ್ರಾಮ್ ಅದನ್ನು ಮೂವತ್ತರ ಹತ್ತಿರ, ಅಂದರೆ ಎಡಗಡೆಯ ಮಬ್ಬಿನಲ್ಲಿ ತೋರಿಸುತ್ತದೆ. ನೀಲಿ ಇನ್ನೂ ಮೋಸ. ನೀವು ಕತ್ತಲೆ ಎಂದುಕೊಂಡು ಇನ್ನಷ್ಟು ಬೆಳಕು ಬಿಡುತ್ತೀರಿ. ಮೆನುವಿನಲ್ಲಿ ಮೂರು ಬಣ್ಣದ ಹಿಸ್ಟೋಗ್ರಾಮ್ ಆನ್ ಮಾಡಿ, ಕೆಂಪು ಗೆರೆ ಬಲಗೋಡೆಗೆ ತಾಗಿದೆಯೇ ಎಂಬುದೊಂದನ್ನೇ ನೋಡಿ. ತಾಗಿದ್ದರೆ ಒಂದರಿಂದ ಒಂದೂವರೆ ಸ್ಟಾಪ್ ಇಳಿಸಿ, ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ.

ಇದರ ಜೊತೆಗೆ ಸೆನ್ಸರಿನ ಲೆಕ್ಕವೂ ಇದೆ. ಸಾಮಾನ್ಯ ಸೆನ್ಸರಿನ ಪ್ರತಿ ನಾಲ್ಕು ಚುಕ್ಕಿಯಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಅಚ್ಚ ಕೆಂಪು ಬೆಳಕಿನಲ್ಲಿ ಕೆಲಸ ಮಾಡುವುದು ಕಾಲು ಭಾಗ ಮಾತ್ರ, ಉಳಿದ ಮುಕ್ಕಾಲು ಭಾಗ ಕತ್ತಲಲ್ಲಿ ಕೂತು ಗದ್ದಲ ಮಾಡುತ್ತಿರುತ್ತದೆ, ಅಂದರೆ ಫೋಟೊದಲ್ಲಿ ಕಾಳುಕಾಳು ಚುಕ್ಕಿ ಎಬ್ಬಿಸುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಆ ಹಾಡಿನ ಮಟ್ಟಿಗೆ 6 ಮೆಗಾಪಿಕ್ಸೆಲ್ಲಿನದು. ಕೆಂಪು ಲೈಟಿನ ಫೋಟೊ ಮೆತ್ತಗೆ ಬಂತೆಂದು ಲೆನ್ಸನ್ನು ಬೈಯುವ ಮುಂಚೆ ಅದೇ ಲೆನ್ಸಿನಲ್ಲಿ ಬಿಳಿ ಲೈಟಿನಲ್ಲಿ ತೆಗೆದದ್ದನ್ನು ಪಕ್ಕದಲ್ಲಿಟ್ಟು ನೋಡಿ.

ಮುದ್ದೆ ಆಗಿಹೋದ ಫೋಟೊ ಉಳಿಯುತ್ತದೆಯೇ ಎಂದು ತಿಳಿಯಲು ರಾ ಫೈಲನ್ನು, ಅಂದರೆ ಸೆನ್ಸರ್ ಕೊಟ್ಟ ಕಚ್ಚಾ ಫೈಲನ್ನು, ತೆರೆದು ಕೆಂಪು ಚಾನಲ್ ಒಂದನ್ನೇ ಕಪ್ಪುಬಿಳುಪಾಗಿ ನೋಡಿ. ಅಲ್ಲಿ ಮೂಗು, ಕಣ್ಣು, ಬೆವರು ಎಲ್ಲ ಇದ್ದರೆ ನೀವು ಬದುಕಿದಿರಿ. ಕೆಡುತ್ತಿರುವುದು ಬಣ್ಣದ ಪರಿವರ್ತನೆಯಲ್ಲಿ. ಪರದೆಗೆ ತೋರಿಸಲು ಬಳಸುವ ಎಸ್‌ಆರ್‌ಜಿಬಿ ಎಂಬ ಬಣ್ಣದ ಸಣ್ಣ ಪಾತ್ರೆಯಲ್ಲಿ ಆ ಕೆಂಪು ಹಿಡಿಸುತ್ತಿಲ್ಲ. ಸ್ಯಾಚುರೇಶನ್ ಇಳಿಸಿ, ಕೆಂಪನ್ನು ಸ್ವಲ್ಪ ಕಿತ್ತಳೆಯ ಕಡೆ ತಿರುಗಿಸಿ. ಕೆಂಪು ಚಾನಲ್ಲಿನಲ್ಲೂ ಬರೀ ಬಿಳಿ ಹಾಳೆ ಕಂಡರೆ ಅದು ತೆಗೆಯುವಾಗಲೇ ಸುಟ್ಟಿದೆ, ಬಿಟ್ಟುಬಿಡಿ. ಕಪ್ಪುಬಿಳುಪು ಮಾಡುವವರು ಸೀದಾ ಬಣ್ಣ ತೆಗೆಯುವ ಗುಂಡಿ ಒತ್ತಬೇಡಿ, ಅದು ಹಸಿರು ನೀಲಿಯ ಗದ್ದಲವನ್ನೂ ಬೆರೆಸುತ್ತದೆ. ಕೆಂಪು ಚಾನಲ್ಲಿನಿಂದಷ್ಟೇ ಮಾಡಿ. ನನ್ನ ಒಳ್ಳೆಯ ಕಪ್ಪುಬಿಳುಪು ಫೋಟೊಗಳಲ್ಲಿ ಬಹುಪಾಲು ಹೀಗೆ ಕೆಂಪಿನಿಂದ ಎತ್ತಿದವು. ವೈಟ್ ಬ್ಯಾಲೆನ್ಸ್ ತಿರುಗಿಸುತ್ತ ಕೂರುವುದು ವ್ಯರ್ಥ, ಒಂದೇ ಬಣ್ಣದ ಎಲ್‌ಇಡಿಯಲ್ಲಿ ಬೇರೆ ಬಣ್ಣ ಇದ್ದರಲ್ಲವೇ ಅದನ್ನು ಎತ್ತುವುದು.

ಕ್ಯಾಮೆರಾದಲ್ಲಿಲ್ಲದ ಮದ್ದೂ ಒಂದಿದೆ. ಸೌಂಡ್‌ಚೆಕ್ ಹೊತ್ತಿಗೆ ಹೋಗಿ, ಲೈಟ್ ಬೋರ್ಡಿನ ಹಿಂದೆ ಕೂತವರಿಗೆ ಒಂದು ಟೀ ಕೊಡಿಸಿ, “ಅಣ್ಣಾ, ಎರಡನೇ ಹಾಡಲ್ಲಿ ಮುಂದಿನಿಂದ ಸ್ವಲ್ಪ ಬಿಳಿ ಹಾಕ್ತೀರಾ?” ಅಂತ ಕೇಳಿ. ಕ್ಲಬ್ ಶೋನಲ್ಲಿ ಬಹಳ ಸಲ ಹಾಕುತ್ತಾರೆ. ದೊಡ್ಡ ಶೋನಲ್ಲಿ ಕೇಳಲು ಆ ಅಣ್ಣನ ಹತ್ತಿರಕ್ಕೂ ಬಿಡುವುದಿಲ್ಲ.

ಬೀಸುವ ಕೂದಲು

ನಿಮಿಷಕ್ಕೆ 200 ಬಡಿತದ ಹಾಡು ಎನ್ನಿ. ಎರಡು ಬಡಿತಕ್ಕೊಮ್ಮೆ ತಲೆ ಕೆಳಗಿಳಿದು ಮೇಲೇಳುತ್ತದೆ, ಅಂದರೆ ಇಳಿಯಲು 0.3 ಸೆಕೆಂಡ್, ಏಳಲು 0.3. ಅಷ್ಟರಲ್ಲಿ ಕೂದಲ ತುದಿ ಸುಮಾರು ಒಂದೂವರೆ ಮೀಟರ್ ಕಮಾನು ಸುತ್ತಿದರೆ ವೇಗ ಸೆಕೆಂಡಿಗೆ 5 ಮೀಟರ್. 1/250ರಲ್ಲಿ ಅದು 2 ಸೆಂ.ಮೀ. ಸರಿದಿರುತ್ತದೆ, 1/1000ದಲ್ಲಿ ಅರ್ಧ ಸೆಂ.ಮೀ. ಕ್ಲಬ್ಬಿನ ಬೆಳಕಿನಲ್ಲಿ 1/1000 ಬೇಕೆಂದರೆ ಐಎಸ್‌ಒ, ಅಂದರೆ ಬೆಳಕನ್ನು ಹಿಗ್ಗಿಸುವ ಅಳತೆ, ಹನ್ನೆರಡು ಸಾವಿರ ದಾಟುತ್ತದೆ, ಗದ್ದಲವೂ ಹೆಚ್ಚುತ್ತದೆ.

ಬೇಡ. ತಲೆ ಕೆಳಗಿನ ತುದಿಗೆ ಹೋಗಿ ತಿರುಗುವ ಕ್ಷಣದಲ್ಲಿ, ಮತ್ತೆ ಮೇಲಿನ ತುದಿಯಲ್ಲಿ, ವೇಗ ಹೆಚ್ಚುಕಡಿಮೆ ಸೊನ್ನೆ. ಮುಖ ಅಲ್ಲಿ ನಿಲ್ಲುತ್ತದೆ, ಕೂದಲು ಮಾತ್ರ ಹಾರುತ್ತಿರುತ್ತದೆ. 1/320ರಲ್ಲೇ ಸಿಗುತ್ತದೆ. ಯಕ್ಷಗಾನದಲ್ಲಿ ಗಿರ್ಕಿ ಹೊಡೆಯುವವರನ್ನು ತೆಗೆದವರಿಗೆ ಇದು ಗೊತ್ತು. ಚಂಡೆಯ ಪೆಟ್ಟು ಕೇಳಿದ ಮೇಲೆ ಗುಂಡಿ ಒತ್ತಿದರೆ ತಡವಾಯಿತು, ಪೆಟ್ಟಿಗೆ ಮುಂಚೆ ಒತ್ತಬೇಕು. ಹಾಡು ಗೊತ್ತಿಲ್ಲದೆ ಹೋದ ಶೋನಲ್ಲಿ ನನ್ನ ಫೋಟೊ ಕೆಟ್ಟಿರುವುದೇ ಹೆಚ್ಚು, ಹಾಗಾಗಿ ಮೊದಲು ಆ ಬ್ಯಾಂಡಿನ ಹಾಡು ಕೇಳಿಕೊಂಡು ಹೋಗಿ. ಕ್ರಿಪ್ಟೋಸ್ ಥರದವರಾದರೆ ಸುಲಭ, 1998ರಿಂದ ಬೆಂಗಳೂರಿನಲ್ಲೇ ಬಾರಿಸುತ್ತಿದ್ದಾರೆ, ಗಿಟಾರಿನ ಜೋಡಿ ರಾಗ ಎಲ್ಲಿ ಬರುತ್ತದೆಂದು ಜನಕ್ಕೇ ಬಾಯಿಪಾಠ.

ಡ್ರಮ್ಮರಿನ ಕೋಲಿನ ತುದಿ ಯಾವ ವೇಗಕ್ಕೂ ಪೂರ್ತಿ ನಿಲ್ಲುವುದಿಲ್ಲ. ನಿಲ್ಲಿಸಲು ಹೋಗಬೇಡಿ.

ಹೊಗೆಯೊಳಗಿನ ಫೋಕಸ್

ಫೋಕಸ್ ತಪ್ಪುವುದಕ್ಕೆ ಎರಡು ಬಗೆ. ಪ್ರತಿ ಸಲವೂ ಒಂದೇ ದಿಕ್ಕಿಗೆ, ಸದಾ ಸ್ವಲ್ಪ ಹಿಂದೆ ಅಥವಾ ಸದಾ ಸ್ವಲ್ಪ ಮುಂದೆ ತಪ್ಪುತ್ತಿದ್ದರೆ ಅದು ಹೊಂದಾಣಿಕೆಯ ದೋಷ, ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಹೆಚ್ಚು. ಹಗಲಲ್ಲಿ ಗೋಡೆಗೆ ಓರೆಯಾಗಿ ಸ್ಕೇಲ್ ಇಟ್ಟು ಪರೀಕ್ಷಿಸಿ, ಮೆನುವಿನಲ್ಲಿ ತಿದ್ದಿಕೊಳ್ಳಿ. ಒಮ್ಮೆ ಹಿಂದೆ ಒಮ್ಮೆ ಮುಂದೆ ಎಂದು ಮನಬಂದಂತೆ ತಪ್ಪುತ್ತಿದ್ದರೆ ಕ್ಯಾಮೆರಾ ಹುಡುಕಾಡುತ್ತಿದೆ. ಕಾರಣ ಬೆನ್ನ ಹಿಂದಿನ ಬೆಳಕು, ಹೊಗೆ, ಇಲ್ಲವೇ ಮುಖ ಮುಚ್ಚಿದ ಕೂದಲು. ಮುಖ ಗುರುತಿಸುವ ಫೋಕಸ್ ತಂತ್ರ ಈ ಸಂಗೀತದವರನ್ನು ಕಂಡರೆ ತಬ್ಬಿಬ್ಬಾಗುತ್ತದೆ. ನನ್ನ ಕ್ಯಾಮೆರಾ ಒಂದಿಡೀ ಹಾಡು ಹಿಂದಿನ ಬಟ್ಟೆಯ ಮೇಲೆ ಬರೆದಿದ್ದ ತಲೆಬುರುಡೆಯ ಕಣ್ಣಿಗೆ ಭಕ್ತಿಯಿಂದ ಫೋಕಸ್ ಮಾಡಿಕೊಂಡು ಕೂತಿತ್ತು.

ಆಗ ಮುಖ ಗುರುತಿಸುವುದನ್ನು ಬಿಟ್ಟು ಒಂದೇ ಚುಕ್ಕಿಗೆ ಬನ್ನಿ. ಅಡ್ಡ ಬಂದದ್ದಕ್ಕೆ ತಕ್ಷಣ ಹಾರಿಹೋಗದಂತೆ ಟ್ರ್ಯಾಕಿಂಗ್ ಚುರುಕನ್ನು ತಗ್ಗಿಸಿ. ಸಹಾಯಕ್ಕೆಂದು ಹೊತ್ತುವ ಕಿತ್ತಳೆ ಫೋಕಸ್ ಲೈಟನ್ನು ಆರಿಸಿ, ಅದು ಗಾಯಕನ ಕಣ್ಣಿಗೆ ಹೊಡೆಯುತ್ತದೆ, ಸೆಕ್ಯುರಿಟಿಯವರು ನಿಮ್ಮ ಕಾಲರ್ ಹಿಡಿಯುತ್ತಾರೆ.

ಮೈಕ್ ಮೇಲೆ ಫೋಕಸ್ ಮಾಡುವ ಅಭ್ಯಾಸ ಹಲವರಿಗಿದೆ. ಲೆಕ್ಕ ನೋಡಿ ಮಾಡಿ. 85 ಎಂಎಂ ಲೆನ್ಸ್, ಎಫ್ 1.4 (ಈ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ಅಗಲ), ಎರಡು ಮೀಟರ್ ದೂರ ಎಂದರೆ ಸ್ಪಷ್ಟವಾಗುವ ಆಳ ಸುಮಾರು 4ರಿಂದ 5 ಸೆಂ.ಮೀ. ಮಾತ್ರ. ಮೈಕ್ ಚೂಪಾದರೆ ಕಣ್ಣು ಹೋಯಿತು. ಎಫ್ 2.8ರಲ್ಲಿ ಆಳ ಸುಮಾರು 9 ಸೆಂ.ಮೀ. ಆಗುತ್ತದೆ. ಪಕ್ಕದಿಂದ ತೆಗೆದರೆ ಮೈಕ್, ತುಟಿ, ಕಣ್ಣು ಎಲ್ಲ ಒಂದೇ ದೂರಕ್ಕೆ ಬರುತ್ತವೆ, ಎಫ್ 1.4ಕ್ಕೂ ಭಯವಿಲ್ಲ. ಹೊಗೆ ತೀರಾ ದಟ್ಟವಾದರೆ ಕಾಯುವುದೊಂದೇ. ಯಂತ್ರ ಯಾವ ಪಕ್ಕದಲ್ಲಿದೆ, ಗಾಳಿ ಯಾವ ಕಡೆಗೆ ಎಂದು ನೋಡಿ ಆಚೆ ಬದಿಗೆ ಸರಿದರೆ ಅರ್ಧ ಕೆಲಸ ಆಯಿತು.

ಕಪ್ಪು ಬಟ್ಟೆ, ಕಪ್ಪು ಹಿನ್ನೆಲೆ

ಮುಖವೆಲ್ಲ ಬೆಳ್ಳಗೆ ಸುಟ್ಟು, ಹಿನ್ನೆಲೆ ಬೂದು ಬಂದಿದ್ದರೆ ಕ್ಯಾಮೆರಾ ಕಪ್ಪನ್ನು ಬೂದು ಮಾಡಲು ಹೋಗಿದೆ. ಮುಖ ಕಲ್ಲಿದ್ದಲಾಗಿ ಹಿಂದಿನ ಲೈಟು ಮಾತ್ರ ಚೆನ್ನಾಗಿದ್ದರೆ ಲೈಟನ್ನು ಅಳೆದಿದೆ. ಎರಡಕ್ಕೂ ಮದ್ದು ಮ್ಯಾನುಯಲ್, ಅಂದರೆ ಸೆಟಿಂಗನ್ನು ನೀವೇ ಇಡುವುದು. ಎಫ್ 2.8, 1/320, ಐಎಸ್‌ಒ 3200ರಿಂದ ಶುರುಮಾಡಿ, ಮುಖ ನೋಡಿ ಐಎಸ್‌ಒ ಒಂದನ್ನೇ ಏರಿಸಿ ಇಳಿಸಿ.

ಬೇಕಾದಾಗಲೇ ಕ್ಯಾಮೆರಾ ಹೊಡೆಯಲಿಲ್ಲ

ಗುಂಡಿ ಒತ್ತಿದೆ, ಏನೂ ಆಗಲಿಲ್ಲ, ಕೆಂಪು ದೀಪ ಮಿಣುಕುತ್ತಿತ್ತು. ಬಫರ್, ಅಂದರೆ ಕಾರ್ಡಿಗೆ ಹೋಗುವ ಮುಂಚೆ ಫೋಟೊಗಳು ಸಾಲುಗಟ್ಟುವ ಜಾಗ, ತುಂಬಿದೆ. ಒಂದು ರಾ ಫೈಲ್ 30 ಎಂಬಿ ಎಂದರೆ ಸೆಕೆಂಡಿಗೆ ಹತ್ತು ಫೋಟೊಗೆ 300 ಎಂಬಿ. ಯುಎಚ್‌ಎಸ್-1 ಕಾರ್ಡಿನ ದಾರಿಯ ಅಗಲವೇ ಸೆಕೆಂಡಿಗೆ 104 ಎಂಬಿ. ಮೂರು ಮೂರಾಗಿ ಹೊಡೆಯಿರಿ, ಇಲ್ಲವೇ ಕಾರ್ಡ್ ಬದಲಿಸಿ.

ಹಬೆ, ಧೂಳು, ಲೇಸರ್

2012ರಲ್ಲಿ ಬೆಂಗಳೂರು ಓಪನ್ ಏರ್ ಎಂಬ ಮೆಟಲ್ ಉತ್ಸವ ಶುರುವಾದದ್ದೇ ಜೂನ್ ತಿಂಗಳಲ್ಲಿ. ಮಳೆಗಾಲದ ಶೋಗೆ ಎಸಿ ಕಾರಿನಿಂದ ಇಳಿದು ಬ್ಯಾಗ್ ತೆರೆದ ಕೂಡಲೇ ತಣ್ಣನೆಯ ಗಾಜಿಗೆ ಹಬೆ ಕೂರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ಕ್ಯಾಮೆರಾವನ್ನು ಬ್ಯಾಗಿನೊಳಗೇ ಇಟ್ಟು ಅರ್ಧ ಗಂಟೆ ಬಿಡಿ, ತಂತಾನೇ ಹೋಗುತ್ತದೆ. ಹಬೆ ಮುಂದಿನ ಗಾಜಿನ ಮೇಲಲ್ಲ, ಒಳಗೆ ಕಂಡರೆ ಅಂದು ಆ ಲೆನ್ಸ್ ಬೇಡ.

ಮಾರ್ಚಿನ ಬಯಲು ಶೋನಲ್ಲಿ ಕಾಟ ಧೂಳಿನದು. ಜನ ಸುತ್ತುಗಟ್ಟಿ ಓಡುವ ಸರ್ಕಲ್ ಪಿಟ್ ತಿರುಗತೊಡಗಿದರೆ ಕೆಮ್ಮಣ್ಣು ಮೇಲೇಳುತ್ತದೆ, ಆ ಹೊತ್ತಿಗೆ ಲೆನ್ಸ್ ಬದಲಿಸಿದವರ ಸೆನ್ಸರ್ ಮೇಲೆ ಇಳಿಯುತ್ತದೆ. ಸೆನ್ಸರಿನ ಧೂಳೋ ಮತ್ತೇನೋ ಎಂದು ತಿಳಿಯಲು ಬಿಳಿ ಗೋಡೆಗೆ ಎಫ್ 16ರಲ್ಲಿ ಒಂದು, ಎಫ್ 2.8ರಲ್ಲಿ ಒಂದು ತೆಗೆಯಿರಿ. ಎಫ್ 16ರಲ್ಲಿ ಕಂಡ ಚುಕ್ಕಿ ಎಫ್ 2.8ರಲ್ಲಿ ಕರಗಿದರೆ ಧೂಳು, ಶುಚಿ ಮಾಡಿದರೆ ಹೋಗುತ್ತದೆ. ಎರಡರಲ್ಲೂ ಒಂದೇ ಜಾಗದಲ್ಲಿ ಸಣ್ಣ ಗೆರೆಯೋ ಹೊಳೆಯುವ ಚುಕ್ಕಿಯೋ ಇದ್ದರೆ, ಯಾವ ಲೆನ್ಸ್ ಹಾಕಿದರೂ ಅಲ್ಲೇ ಇದ್ದರೆ, ಲೇಸರ್ ತಗುಲಿ ಸೆನ್ಸರ್ ಸುಟ್ಟಿರುವ ಅನುಮಾನ ಪಡಿ. ಈ ಬರಹದಲ್ಲಿ ಕ್ಯಾಮೆರಾ ನಿಜವಾಗಿ ಕೆಟ್ಟಿರುವ ಕೇಸು ಇದೊಂದೇ, ಸರ್ವಿಸ್ ಸೆಂಟರಿಗೆ ಹೋಗಲೇಬೇಕು. ಮಿರರ್‌ಲೆಸ್‌ನಲ್ಲಿ ಸೆನ್ಸರ್ ಸದಾ ಬೆಳಕಿಗೆ ತೆರೆದಿರುತ್ತದೆ. ಲೇಸರ್ ನಿಮ್ಮ ಕಡೆ ತಿರುಗಿದರೆ ಕ್ಯಾಮೆರಾವನ್ನು ನೆಲಕ್ಕೆ ತಿರುಗಿಸಿ, ಫೋಟೊ ಹೋದರೆ ಹೋಗಲಿ.

ಮೂರೇ ಹಾಡು

ದೊಡ್ಡ ಶೋಗಳ ಪಿಟ್ಟಿನಲ್ಲಿ ಮೊದಲ ಮೂರು ಹಾಡು ಮಾತ್ರ, ಫ್ಲ್ಯಾಶ್ ಇಲ್ಲ. ಅಂದರೆ ಹೆಚ್ಚೆಂದರೆ ಕಾಲು ಗಂಟೆ, ಗ್ರೈಂಡ್‌ಕೋರ್ ಬ್ಯಾಂಡಾದರೆ ನೀವು ಬ್ಯಾಗಿನ ಜಿಪ್ ಎಳೆಯುವಷ್ಟರಲ್ಲಿ ಮೂರೂ ಮುಗಿದಿರುತ್ತದೆ. ಇಷ್ಟನ್ನೆಲ್ಲ ಅಲ್ಲಿ ನಿಂತು ಯೋಚಿಸಲಾಗದು. ನಾನು ಮೊದಲ ಹಾಡಿನ ಮೊದಲ ಅರ್ಧ ನಿಮಿಷದಲ್ಲಿ ಐದಾರು ಹೊಡೆದು, ಒಂದನ್ನು ಹಿಗ್ಗಿಸಿ ಮೂರೇ ನೋಡುತ್ತೇನೆ. ಪಟ್ಟೆ ಇದೆಯೇ, ಕೆಂಪು ಗೆರೆ ಗೋಡೆಗೆ ತಾಗಿದೆಯೇ, ಮೈಕ್ ಸ್ಟ್ಯಾಂಡ್ ಚೂಪಾಗಿದೆಯೇ. ಒಂದು ಸಲಕ್ಕೆ ಒಂದೇ ಸೆಟಿಂಗ್ ಬದಲಿಸುತ್ತೇನೆ. ಗಾಬರಿಯಲ್ಲಿ ಮೂರು ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎರಡೂ ತಿಳಿಯುವುದಿಲ್ಲ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. 100 ಡೆಸಿಬಲ್ ಸದ್ದಿನಲ್ಲಿ ಕಿವಿಗೆ ತೊಂದರೆಯಿಲ್ಲದೆ ಇರಬಹುದಾದದ್ದು ದಿನಕ್ಕೆ 15 ನಿಮಿಷ ಎಂದು ಅಮೆರಿಕದ ನಯೋಶ್ ಸಂಸ್ಥೆಯ ಲೆಕ್ಕ, ನೀವು ನಿಂತಿರುವುದು ಸ್ಪೀಕರಿನ ಮುಂದೆ.

ಫೋಟೊ ಸರಿಯಿದೆ, ಆದರೂ ಕೆಟ್ಟಿದೆ

ಕೊನೆಯದಾಗಿ ಒಂದು ಕೇಸು. ಕಂಪ್ಯೂಟರಿನಲ್ಲಿ ಎಲ್ಲ ಚೆನ್ನಾಗಿತ್ತು. ಡ್ರಮ್ಮರ್ ಗೆಳೆಯನಿಗೆ ವಾಟ್ಸ್ಆ್ಯಪ್ ಮಾಡಿದೆ. ಹತ್ತು ನಿಮಿಷಕ್ಕೆ ಉತ್ತರ: “ಮಗಾ, ಇದೇನು ಮುಖಕ್ಕೆ ಚೌಕ ಚೌಕ ಬಂದಿದೆ? ನಿನ್ನ ಕ್ಯಾಮೆರಾ ಹೋಗಿದೆ ಅನ್ಸುತ್ತೆ.” ಜೆಪೆಗ್ ಫೈಲನ್ನು ಕುಗ್ಗಿಸುವಾಗ ಸಾಮಾನ್ಯವಾಗಿ ಬೆಳಕಿನ ವಿವರ ಉಳಿಸಿ ಬಣ್ಣದ ವಿವರವನ್ನು ಕಾಲು ಭಾಗಕ್ಕೆ ಇಳಿಸುತ್ತಾರೆ. ಮಾಮೂಲಿ ಫೋಟೊದಲ್ಲಿ ಇದು ತಿಳಿಯುವುದಿಲ್ಲ. ಅಚ್ಚ ಕೆಂಪು ಫೋಟೊದಲ್ಲಿ ವಿವರವೆಲ್ಲ ಇರುವುದೇ ಬಣ್ಣದಲ್ಲಿ, ಹಾಗಾಗಿ ಅಂಚುಗಳೆಲ್ಲ ಮೆಟ್ಟಿಲು ಮೆಟ್ಟಿಲಾಗುತ್ತವೆ. ಅದೇ ಫೈಲನ್ನು ಡಾಕ್ಯುಮೆಂಟ್ ಎಂದು ಲಗತ್ತಿಸಿ ಮತ್ತೆ ಕಳಿಸಿದೆ.

“ಈಗ ಸರಿಯಾಯ್ತು ನೋಡು. ಏನು ಮಾಡ್ದೆ?”

“ಕ್ಯಾಮೆರಾ ರಿಪೇರಿ ಮಾಡಿಸ್ದೆ” ಅಂದೆ.